ಬೆಳಗಾದರೂ ಮುಗಿಯದ ಬ್ಯಾಕಪ್: ನಿಧಾನಗೊಂಡ ಡಿಸ್ಕಿನ ದೋಷ ಪತ್ತೆ ಹೇಗೆ?

ಕಿರ್ದಿ ಮತ್ತು ಖಾತಾವಹಿಗಳು ಕೆಂಪು ಬಟ್ಟೆಯ ರಟ್ಟನ್ನು ಬಿಟ್ಟು ಗಣಕಯಂತ್ರವನ್ನು ಸೇರಿ ಬಹಳ ಕಾಲ ಸಂದಿದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಇಂದಿಗೂ ಹೊಸ ಪುಸ್ತಕವೊಂದನ್ನು ಇರಿಸುವ ಪದ್ಧತಿ ಉಳಿದಿದೆಯಾದರೂ, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬ ನಿಜವಾದ ಲೆಕ್ಕವಿರುವುದು ಕಚೇರಿಯ ಮೂಲೆಯಲ್ಲಿ ಸದ್ದು ಮಾಡುತ್ತಿರುವ ಪೆಟ್ಟಿಗೆಯಲ್ಲಿ. ಬಳ್ಳಾರಿಯ ಜೀನ್ಸ್ ಘಟಕಕ್ಕೆ ಅದು ಹೊಲಿಗೆಗೆ ಮತ್ತು ತೊಳೆಯುವುದಕ್ಕೆ ಹೊರಗೆ ಕಳುಹಿಸಿದ ಬಟ್ಟೆಯ ಲೆಕ್ಕ. ಸಿರುಗುಪ್ಪದ ಅಕ್ಕಿ ಗಿರಣಿಗೆ ಭತ್ತದ ಖರೀದಿ, ವೇಬ್ರಿಡ್ಜ್ ಚೀಟಿ, ತೌಡು ನುಚ್ಚುಗಳ ಮಾರಾಟದ ಲೆಕ್ಕ. ಕುರುಗೋಡಿನ ಹತ್ತಿ ಅಥವಾ ಮೆಣಸಿನಕಾಯಿ ವ್ಯಾಪಾರಿಗೆ ರೈತರಿಗೆ ಸಲ್ಲಬೇಕಾದ ಪಾವತಿಯ ಲೆಕ್ಕ.

ಈ ಪೆಟ್ಟಿಗೆ ಕೆಟ್ಟರೆ ವ್ಯಾಪಾರ ನಿಲ್ಲಬಾರದೆಂಬ ಮುನ್ನೆಚ್ಚರಿಕೆಯಿಂದ ಅನೇಕರು ಎರಡನೆಯ ಯಂತ್ರವೊಂದನ್ನು ಇರಿಸಿಕೊಂಡಿದ್ದಾರೆ. ಅದೇ ಬ್ಯಾಕಪ್ ಸರ್ವರ್. ಅದರ ಕೆಲಸ ರಾತ್ರಿಯ ಪಾಳಿಯದು. ರಾತ್ರಿ 10ಕ್ಕೆ ಆರಂಭಿಸಿ ಬೆಳಿಗ್ಗೆ 6ರೊಳಗೆ ಎಲ್ಲವನ್ನೂ ನಕಲು ಮಾಡಿ ಮುಗಿಸಬೇಕು. ಹೊಸದರಲ್ಲಿ ಎರಡು ಗಂಟೆಗೆ ಮುಗಿಯುತ್ತಿದ್ದ ಕೆಲಸ ಕ್ರಮೇಣ ಐದು ಗಂಟೆಗೆ, ಎಂಟು ಗಂಟೆಗೆ ಬೆಳೆಯುತ್ತದೆ. ಒಂದು ದಿನ ಬೆಳಿಗ್ಗೆ ಗುಮಾಸ್ತರು ಬಂದು ನೋಡಿದಾಗ ಶೇಕಡ 60ರಲ್ಲೇ ನಿಂತಿರುತ್ತದೆ. ಬಿಲ್ ಹಾಕಲು ಯಂತ್ರ ನಿಧಾನವಾಗುತ್ತಿರುವುದರಿಂದ ಯಾರೋ ಒಬ್ಬರು ಅದನ್ನು ರದ್ದುಪಡಿಸುತ್ತಾರೆ. ಮಾರನೆಯ ದಿನವೂ ಅದೇ ಕಥೆ. ಹೀಗೆ ಎರಡು ತಿಂಗಳು ಕಳೆದ ಸಂಸ್ಥೆಯ ಬಳಿ ಬ್ಯಾಕಪ್ ಯಂತ್ರವಿರುತ್ತದೆ, ಬ್ಯಾಕಪ್ ಇರುವುದಿಲ್ಲ. ದುರದೃಷ್ಟವೆಂದರೆ ಈ ವ್ಯತ್ಯಾಸವು ಮಾಲೀಕರಿಗೆ ತಿಳಿಯುವುದು ಮೂಲ ಯಂತ್ರ ಕೆಟ್ಟ ದಿನ.

ಡಿಸ್ಕ್ ನಿಧಾನವಾಗಿದೆ, ಹೊಸದು ಹಾಕಿಸಿ ಎಂಬುದು ಇಂತಹ ಸಂದರ್ಭದಲ್ಲಿ ಸುಲಭವಾಗಿ ದೊರೆಯುವ ಸಲಹೆ. ಹೊಸ ಡಿಸ್ಕ್ ಹಾಕಿಸಿದ ಮೇಲೂ ಬ್ಯಾಕಪ್ ಮುಗಿಯದಿದ್ದರೆ ಹೊಸ ಸರ್ವರ್ ತೆಗೆದುಕೊಳ್ಳಿ ಎಂಬುದು ಮುಂದಿನ ಸಲಹೆ. ಅಳತೆ ಮಾಡದೆ ಮಾಡುವ ಈ ಖರ್ಚಿನಲ್ಲಿ ಹಲವು ವೇಳೆ ರೋಗ ಹಾಗೆಯೇ ಉಳಿದಿರುತ್ತದೆ.

ಏನು ಪಣಕ್ಕಿದೆ

2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಗಣಕ ವ್ಯವಸ್ಥೆಯ ಮೇಲೆ ಸೈಬರ್ ದಾಳಿ ನಡೆಯಿತು. ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಯು ತೆರೆಯಲಾಗದಂತೆ ಗೂಢಲಿಪಿಗೆ ಒಳಗಾಯಿತು. ಹೊರರೋಗಿಗಳ ನೋಂದಣಿಯಿಂದ ಹಿಡಿದು ಎಲ್ಲವನ್ನೂ ಕೈಬರಹದಲ್ಲಿ ನಡೆಸಬೇಕಾಯಿತು. ಆಸ್ಪತ್ರೆಯ ದಾಖಲೆಗಳು ಮರಳಿ ದೊರೆತದ್ದು ದಾಳಿಗೆ ಸಿಲುಕದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ ಎಂದು ಸರ್ಕಾರವು ಸಂಸತ್ತಿಗೆ ತಿಳಿಸಿತು.

ಬ್ಯಾಕಪ್ ಇದ್ದರೆ ಸಾಲದು, ಅದರ ವೇಗವೂ ಮುಖ್ಯ ಎಂಬುದಕ್ಕೆ ಇನ್ನೊಂದು ಉದಾಹರಣೆಯಿದೆ. ತಂತ್ರಾಂಶ ತಯಾರಕರಿಗೆ ಸೇವೆ ಒದಗಿಸುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರ ರಾತ್ರಿ ಸಿಬ್ಬಂದಿಯೊಬ್ಬರ ಕೈತಪ್ಪಿನಿಂದ ಸುಮಾರು 300 ಗಿಗಾಬೈಟ್ ಗಾತ್ರದ ಮುಖ್ಯ ದತ್ತಾಂಶವು ಅಳಿಸಿಹೋಯಿತು. ನಿತ್ಯ ನಡೆಯುತ್ತಿದೆಯೆಂದು ನಂಬಲಾಗಿದ್ದ ಬ್ಯಾಕಪ್ ಎಷ್ಟೋ ದಿನಗಳಿಂದ ವಿಫಲವಾಗುತ್ತಿತ್ತು. ಆ ವೈಫಲ್ಯವನ್ನು ತಿಳಿಸುವ ಇ-ಅಂಚೆಗಳು ಯಾರಿಗೂ ತಲುಪುತ್ತಿರಲಿಲ್ಲ. ಅದೃಷ್ಟವಶಾತ್ ಆರು ಗಂಟೆಗಳ ಹಿಂದೆ ಪರೀಕ್ಷೆಗೆಂದು ತೆಗೆದಿದ್ದ ನಕಲೊಂದು ಬೇರೊಂದು ಸರ್ವರಿನಲ್ಲಿತ್ತು. ಆದರೆ ಆ ಸರ್ವರಿಗೆ ಅಗ್ಗದ, ನಿಧಾನದ ಡಿಸ್ಕುಗಳಿದ್ದವು. ಅಲ್ಲಿಂದ ಮರಳಿ ನಕಲು ಮಾಡಲು ಸುಮಾರು 18 ಗಂಟೆ ಹಿಡಿಯಿತು. ಅಷ್ಟು ಹೊತ್ತು ಇಡೀ ಸೇವೆ ಸ್ಥಗಿತಗೊಂಡಿತ್ತು. ಸಂಸ್ಥೆಯು ಈ ವಿವರಗಳೆಲ್ಲವನ್ನೂ ಮುಚ್ಚಿಡದೆ ಪ್ರಕಟಿಸಿದ್ದು ಶ್ಲಾಘನೀಯ.

ಕಾನೂನಿನ ಮಾತೂ ಇದೆ. ಲೆಕ್ಕವನ್ನು ಗಣಕಯಂತ್ರದಲ್ಲಿ ಇಡುವವರು ಸೂಕ್ತ ಬ್ಯಾಕಪ್ ಇರಿಸಿಕೊಳ್ಳಬೇಕು, ಅಪಘಾತ ಅಥವಾ ನೈಸರ್ಗಿಕ ಕಾರಣದಿಂದ ದಾಖಲೆ ನಾಶವಾದರೆ ಸಮಂಜಸವಾದ ಅವಧಿಯೊಳಗೆ ಮರಳಿ ಪಡೆಯುವಂತಿರಬೇಕು ಎಂದು ಕೇಂದ್ರ ಜಿಎಸ್‌ಟಿ ನಿಯಮಗಳ 57ನೆಯ ನಿಯಮವು ಹೇಳುತ್ತದೆ. ಆ ಲೆಕ್ಕಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಪ್ರೈವೇಟ್ ಲಿಮಿಟೆಡ್ ಆಗಿ ನೋಂದಾಯಿಸಿಕೊಂಡವರಿಗೆ ಹೊಣೆ ಇನ್ನೂ ಹೆಚ್ಚು: ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನ ಬ್ಯಾಕಪ್ ಇರಬೇಕೆಂಬ ತಿದ್ದುಪಡಿ 2022ರ ಆಗಸ್ಟ್‌ನಲ್ಲಿ ಬಂದಿತು. ಲೆಕ್ಕದಲ್ಲಿ ಮಾಡುವ ಪ್ರತಿಯೊಂದು ತಿದ್ದುಪಡಿಯ ದಾಖಲೆಯನ್ನೂ ತಂತ್ರಾಂಶವು ಉಳಿಸಿಕೊಳ್ಳಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ತಿದ್ದಿದ ಹಳೆಯ ರೂಪವೂ ಉಳಿಯುವುದರಿಂದ ಕಡತಗಳ ಗಾತ್ರ ಬೆಳೆಯುತ್ತದೆ. ಬ್ಯಾಕಪ್ ದೀರ್ಘವಾಗಲು ಇದೂ ಒಂದು ಕಾರಣವಾಗಬಹುದು. ಇದರಲ್ಲಿ ಡಿಸ್ಕಿನ ತಪ್ಪೇನೂ ಇಲ್ಲ.

ಮೊದಲು ಕಾಗದದ ಮೇಲೆ ಲೆಕ್ಕ

ಯಂತ್ರವನ್ನು ಬಿಚ್ಚುವ ಮುನ್ನ ಮಾಡಬೇಕಾದ ಲೆಕ್ಕ ಸರಳವಾದುದು. ನಕಲು ಮಾಡಬೇಕಾದ ಮಾಹಿತಿ 400 ಜಿಬಿ ಇದೆ ಎಂದಿಟ್ಟುಕೊಳ್ಳೋಣ. ದೊರೆಯುವ ಸಮಯ ಎಂಟು ಗಂಟೆ, ಅಂದರೆ 28,800 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ ಸುಮಾರು 14 ಎಂಬಿ ವೇಗ ಸಾಕು. ಆರೋಗ್ಯವಂತ ಹಾರ್ಡ್ ಡಿಸ್ಕೊಂದು ದೊಡ್ಡ ಕಡತವನ್ನು ಒಂದೇ ಸಮನೆ ಬರೆಯುವಾಗ ಸೆಕೆಂಡಿಗೆ 150 ಎಂಬಿಯನ್ನೂ ಮೀರಬಲ್ಲದು. ಹತ್ತರಲ್ಲಿ ಒಂದು ಪಾಲು ಶಕ್ತಿಯಿಂದ ಆಗಬೇಕಾದ ಕೆಲಸ ಏಕೆ ಆಗುತ್ತಿಲ್ಲ ಎಂಬ ಪ್ರಶ್ನೆಯಿಂದಲೇ ಪತ್ತೆ ಕಾರ್ಯ ಆರಂಭವಾಗಬೇಕು.

ಎಪಿಎಂಸಿ ಪ್ರಾಂಗಣವನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಗೋದಾಮಿಗೆ ಸಂಜೆಯೊಳಗೆ ಮಾಲು ತುಂಬಲಿಲ್ಲವೆಂದರೆ ಇಳಿಸುವ ಹಮಾಲಿಗಳೇ ನಿಧಾನವಾಗಿರಬಹುದು, ಲಾರಿ ದಾರಿಯಲ್ಲಿ ಸಿಲುಕಿರಬಹುದು ಅಥವಾ ಲಾರಿಗೆ ಮಾಲು ತುಂಬುವಲ್ಲಿಯೇ ತಡವಾಗಿರಬಹುದು. ಬ್ಯಾಕಪ್‌ನಲ್ಲಿಯೂ ಮೂಲ ಯಂತ್ರದಿಂದ ಓದುವುದು, ತಂತಿಯ ಮೂಲಕ ಸಾಗಿಸುವುದು, ಬ್ಯಾಕಪ್ ಡಿಸ್ಕಿನಲ್ಲಿ ಬರೆಯುವುದು ಎಂಬ ಮೂರು ಹಂತಗಳಿವೆ. ಗೋದಾಮಿನ ಬಾಗಿಲಲ್ಲಿ ನಿಂತು ನೋಡಿದಾಗ ಹಮಾಲಿಗಳು ಬೆವರು ಸುರಿಸುತ್ತಿದ್ದಾರೆಯೋ, ಕೈಕಟ್ಟಿ ಕುಳಿತಿದ್ದಾರೆಯೋ ಎಂಬುದೇ ಅರ್ಧ ಉತ್ತರ.

ಹಾಗೆ ನೋಡುವ ಸಾಧನಕ್ಕೆ ಹಣ ಕೊಡಬೇಕಾಗಿಲ್ಲ. ವಿಂಡೋಸ್ ಯಂತ್ರಗಳಲ್ಲಿ ರಿಸೋರ್ಸ್ ಮಾನಿಟರ್ ಎಂಬ ಪರದೆ ಇದ್ದೇ ಇರುತ್ತದೆ. ಲಿನಕ್ಸ್‌ನಲ್ಲಿ ಐಒಸ್ಟಾಟ್ ಎಂಬ ಆಜ್ಞೆ ಅದೇ ಕೆಲಸ ಮಾಡುತ್ತದೆ. ಬ್ಯಾಕಪ್ ನಡೆಯುತ್ತಿರುವಾಗಲೇ ಡಿಸ್ಕ್ ಶೇಕಡ ಎಷ್ಟು ಹೊತ್ತು ಕೆಲಸದಲ್ಲಿ ತೊಡಗಿದೆ ಎಂಬುದನ್ನೂ ಪ್ರತಿ ಬೇಡಿಕೆಗೆ ಎಷ್ಟು ಮಿಲಿಸೆಕೆಂಡು ತೆಗೆದುಕೊಳ್ಳುತ್ತಿದೆ ಎಂಬುದನ್ನೂ ಇವು ತೋರಿಸುತ್ತವೆ. ವೇಗ ಸೆಕೆಂಡಿಗೆ 5 ಎಂಬಿ ಇದ್ದು ಡಿಸ್ಕ್ ಶೇಕಡ 100ರಷ್ಟು ತೊಡಗಿದ್ದರೆ ತೊಂದರೆ ಡಿಸ್ಕಿನಲ್ಲಿ ಅಥವಾ ಅದಕ್ಕೆ ಕೊಟ್ಟ ಕೆಲಸದ ಸ್ವರೂಪದಲ್ಲಿದೆ. ವೇಗ ಅಷ್ಟೇ ಇದ್ದು ಡಿಸ್ಕ್ ಶೇಕಡ 10ರಷ್ಟೇ ತೊಡಗಿದ್ದರೆ ಅದು ಮಾಲಿಗಾಗಿ ಕಾಯುತ್ತಿದೆ ಎಂದರ್ಥ. ಅಂತಹ ಡಿಸ್ಕನ್ನು ಬದಲಿಸುವುದು ನಿರಪರಾಧಿಗೆ ಶಿಕ್ಷೆ ಕೊಟ್ಟಂತೆ.

ಮುಂದೆ ಪ್ರತಿ ಹಂತವನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಬ್ಯಾಕಪ್ ಸರ್ವರಿನಲ್ಲಿಯೇ ದೊಡ್ಡ ಕಡತವೊಂದನ್ನು ಬರೆಸಿ ಸಮಯ ನೋಡುವುದು ಡಿಸ್ಕಿನ ಪರೀಕ್ಷೆ. ಇಲ್ಲೊಂದು ಮೋಸವಿದೆ. ಸರ್ವರಿನಲ್ಲಿ 8 ಜಿಬಿ ಸ್ಮೃತಿ ಇದ್ದು 2 ಜಿಬಿ ಕಡತ ಬರೆಸಿದರೆ ಅದೆಲ್ಲವೂ ಮೊದಲು ಸ್ಮೃತಿಯಲ್ಲಿಯೇ ಕುಳಿತು ಡಿಸ್ಕ್ ಅದ್ಭುತ ವೇಗದ್ದೆಂದು ತೋರುತ್ತದೆ. ಪರೀಕ್ಷೆಯ ಕಡತ ಸ್ಮೃತಿಯ ಎರಡರಷ್ಟಾದರೂ ಇರಬೇಕು. ತಂತಿಯನ್ನು ಮಾತ್ರ ಪರೀಕ್ಷಿಸಲು ಐಪರ್ಫ್ ಎಂಬ ಉಚಿತ ತಂತ್ರಾಂಶವಿದೆ. ಅದು ಡಿಸ್ಕನ್ನು ಮುಟ್ಟದೆ ಒಂದು ಯಂತ್ರದ ಸ್ಮೃತಿಯಿಂದ ಇನ್ನೊಂದರ ಸ್ಮೃತಿಗೆ ಮಾಹಿತಿ ಕಳುಹಿಸಿ ವೇಗ ಹೇಳುತ್ತದೆ.

ತಂತಿಯ ತಪ್ಪು, ಡಿಸ್ಕಿಗೆ ದೂರು

ಜಾಲದ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಡಿಸ್ಕಿನ ವೇಗವನ್ನು ಬೈಟ್‌ಗಳಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಇದನ್ನು ಗಮನಿಸದೆ ಹೋಲಿಸುವುದು ಭತ್ತದ ದರ 75 ಕೆ.ಜಿ. ಚೀಲಕ್ಕೋ ಕ್ವಿಂಟಲಿಗೋ ಎಂದು ಕೇಳದೆ ವ್ಯಾಪಾರ ಕುದುರಿಸಿದಂತೆ. 100 ಮೆಗಾಬಿಟ್ ಜಾಲದಲ್ಲಿ ವಾಸ್ತವವಾಗಿ ಸೆಕೆಂಡಿಗೆ ಸುಮಾರು 11 ಎಂಬಿ ಮಾತ್ರ ಸಾಗುತ್ತದೆ. ಗಿಗಾಬಿಟ್ ಜಾಲದಲ್ಲಿ ಸುಮಾರು 110 ಎಂಬಿ. ನಮ್ಮ 400 ಜಿಬಿ ಉದಾಹರಣೆಗೆ ಮೊದಲನೆಯದರಲ್ಲಿ ಹತ್ತು ಗಂಟೆ ಬೇಕು, ಎರಡನೆಯದರಲ್ಲಿ ಒಂದು ಗಂಟೆ. ಬೆಳಗಾದರೂ ಬ್ಯಾಕಪ್ ಮುಗಿಯದಿರುವುದಕ್ಕೆ ಇಷ್ಟೇ ಕಾರಣ ಸಾಕು.

ನಮ್ಮ ಸ್ವಿಚ್ ಗಿಗಾಬಿಟ್‌ನದೇ ಎಂದು ಮಾಲೀಕರು ಹೇಳಬಹುದು. ಆದರೆ ಗಿಗಾಬಿಟ್ ವೇಗಕ್ಕೆ ಕೇಬಲ್ಲಿನೊಳಗಿನ ನಾಲ್ಕು ಜೋಡಿ ಎಳೆಗಳೂ ಬೇಕು. 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು. ಉಳಿದ ಎರಡು ಜೋಡಿಗಳಲ್ಲಿ ಒಂದೆಳೆಯನ್ನು ಇಲಿ ಕಡಿದಿದ್ದರೂ, ಕೊನೆಯ ಕ್ಲಿಪ್ಪಿನಲ್ಲಿ ಒಂದು ಎಳೆ ಸಡಿಲವಾಗಿದ್ದರೂ ಜಾಲವು ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಎಲ್ಲ ಕೆಲಸವೂ ನಡೆಯುತ್ತಿರುತ್ತದೆ, ದೀಪವೂ ಮಿನುಗುತ್ತಿರುತ್ತದೆ. ಬಿಲ್ ಹಾಕುವಾಗ ಯಾರಿಗೂ ವ್ಯತ್ಯಾಸ ತಿಳಿಯದು, ರಾತ್ರಿಯ ಬ್ಯಾಕಪ್ ಮಾತ್ರ ಹತ್ತುಪಟ್ಟು ನಿಧಾನವಾಗಿರುತ್ತದೆ. ಅಕ್ಕಿ ಗಿರಣಿ ಇರುವಲ್ಲಿ ಇಲಿ ಇಲ್ಲದಿರುವುದುಂಟೆ? ಸಂಪರ್ಕದ ವೇಗವು 100 ಎಂದಿದೆಯೋ 1000 ಎಂದಿದೆಯೋ ಎಂಬುದನ್ನು ಯಂತ್ರದ ಜಾಲದ ವಿವರಪುಟದಲ್ಲಿ ನೋಡಲು ಒಂದು ನಿಮಿಷ ಸಾಕು. ಹೊರಗಿನ ಯುಎಸ್‌ಬಿ ಡಿಸ್ಕಿಗೆ ನಕಲು ಮಾಡುವವರು ಯಾವ ಕಿಂಡಿಗೆ ಸಿಕ್ಕಿಸಿದ್ದಾರೆ ಎಂಬುದನ್ನೂ ನೋಡಬೇಕು. ಹಳೆಯ ಯುಎಸ್‌ಬಿ 2.0 ಕಿಂಡಿಯಲ್ಲಿ ಸೆಕೆಂಡಿಗೆ 30ರಿಂದ 40 ಎಂಬಿ ದೊರೆತರೆ ಹೆಚ್ಚು.

ತಟ್ಟೆ ತಿರುಗಬೇಕು, ತೋಳು ಚಲಿಸಬೇಕು

ಇನ್ನು ಡಿಸ್ಕ್ ಪೂರ್ಣವಾಗಿ ತೊಡಗಿದ್ದೂ ಕೆಲಸ ಸಾಗದಿರುವ ಸಂದರ್ಭ. ಹಾರ್ಡ್ ಡಿಸ್ಕ್ ಎಂಬುದು ಮೂಲತಃ ತಿರುಗುವ ತಟ್ಟೆ ಮತ್ತು ಅದರ ಮೇಲೆ ಆಡುವ ತೋಳು. 1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅಷ್ಟೆಲ್ಲ ಸೇರಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು. ಗಾತ್ರ ಕುಗ್ಗಿ ಸಾಮರ್ಥ್ಯ ಲಕ್ಷಾಂತರ ಪಟ್ಟು ಹೆಚ್ಚಿದರೂ ತತ್ತ್ವ ಬದಲಾಗಿಲ್ಲ. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು. ಬೇಕಾದ ಜಾಗ ತೋಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ತೋಳು ಸರಿಯಾದ ಪಥಕ್ಕೆ ಚಲಿಸಲು ಎಂಟೊಂಬತ್ತು ಮಿಲಿಸೆಕೆಂಡು. ಒಟ್ಟಿನಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ಹಾರಲು 12ರಿಂದ 13 ಮಿಲಿಸೆಕೆಂಡು ಹಿಡಿಯುತ್ತದೆ. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 80 ಹಾರಾಟ.

ದೊಡ್ಡ ಕಡತವನ್ನು ಒಂದೇ ಸಮನೆ ಬರೆಯುವಾಗ ಈ ಹಾರಾಟ ಕಡಿಮೆ. ಸಣ್ಣ ಕಡತಗಳಾದರೆ ಹಾರಾಟವೇ ಕೆಲಸ. ವೇಬ್ರಿಡ್ಜ್ ಚೀಟಿಯ ಚಿತ್ರ, ಸ್ಕ್ಯಾನ್ ಮಾಡಿದ ಬಿಲ್ಲು, ಜೀನ್ಸ್ ವಿನ್ಯಾಸದ ನಮೂನೆ ಹೀಗೆ 40 ಕಿಲೋಬೈಟ್ ಗಾತ್ರದ ಐದು ಲಕ್ಷ ಕಡತಗಳಿವೆ ಎನ್ನೋಣ. ಎಲ್ಲವೂ ಸೇರಿ 20 ಜಿಬಿ ಮಾತ್ರ. ಒಂದೇ ಕಡತವಾಗಿದ್ದರೆ ಎರಡು ಮೂರು ನಿಮಿಷದ ಕೆಲಸ. ಆದರೆ ಪ್ರತಿ ಕಡತಕ್ಕೆ ಹೆಸರು ಬರೆಯಲು, ಒಳಗಿನದನ್ನು ಬರೆಯಲು, ಸೂಚಿಯನ್ನು ತಿದ್ದಲು ಮೂರು ಹಾರಾಟಗಳೆಂದು ಹಿಡಿದರೂ ಒಟ್ಟು ಐದು ಗಂಟೆಯಾಗುತ್ತದೆ. ಇಲ್ಲಿ ಹೊಸ ಹಾರ್ಡ್ ಡಿಸ್ಕ್ ತಂದರೂ ಪ್ರಯೋಜನವಿಲ್ಲ, ಅದೂ ಅದೇ ವೇಗದಲ್ಲಿ ತಿರುಗುತ್ತದೆ. ವರ್ಷ ಮುಗಿದ ಹಳೆಯ ಕಡತಗಳನ್ನು ಒಂದೇ ಜಿಪ್ ಕಡತವಾಗಿ ಕಟ್ಟಿಡುವುದು, ದಿನದಿನಕ್ಕೆ ಬದಲಾದುದನ್ನು ಮಾತ್ರ ನಕಲು ಮಾಡಿಸುವುದು ಇದಕ್ಕೆ ಪರಿಹಾರ.

ಡಿಸ್ಕ್ ತುಂಬುತ್ತ ಬಂದಂತೆ ನಿಧಾನವಾಗುವುದು ಸಹಜವೇ. ತಟ್ಟೆಯ ಹೊರ ಅಂಚಿನಲ್ಲಿ ಒಂದು ಸುತ್ತಿಗೆ ಹೆಚ್ಚು ಮಾಹಿತಿ ಹಿಡಿಸುತ್ತದೆ, ಒಳ ಅಂಚಿನಲ್ಲಿ ಹೆಚ್ಚುಕಡಿಮೆ ಅರ್ಧ. ಸಾಮಾನ್ಯವಾಗಿ ಹೊರಗಿನಿಂದ ಒಳಗೆ ತುಂಬುತ್ತ ಹೋಗುವುದರಿಂದ ಶೇಕಡ 95 ತುಂಬಿದ ಡಿಸ್ಕಿನ ವೇಗವನ್ನು ಹೊಸದಾಗಿದ್ದಾಗಿನ ವೇಗದೊಂದಿಗೆ ಹೋಲಿಸುವುದು ನ್ಯಾಯವಲ್ಲ.

ಹೆಂಚಿನ ಮನೆಯಂತಹ ಡಿಸ್ಕ್

ಡಿಸ್ಕ್ ಕೊಳ್ಳುವವರು ತಿಳಿದಿರಲೇಬೇಕಾದ ಒಂದು ಸಂಗತಿಯನ್ನು ಪೆಟ್ಟಿಗೆಯ ಮೇಲೆ ಮುದ್ರಿಸುವುದು ಅಪರೂಪ. ಅದೇ ತಟ್ಟೆಯಲ್ಲಿ ಹೆಚ್ಚು ಮಾಹಿತಿ ಹಿಡಿಸಲು ತಯಾರಕರು ಪಥಗಳನ್ನು ಒಂದರ ಮೇಲೊಂದು ಸ್ವಲ್ಪ ಚಾಚಿಕೊಳ್ಳುವಂತೆ ಬರೆಯುವ ವಿಧಾನವನ್ನು ತಂದರು. ಎಸ್‌ಎಂಆರ್ ಎಂದು ಅದರ ಹೆಸರು. ಮಂಗಳೂರು ಹೆಂಚಿನ ಮಾಡನ್ನು ನೆನೆದರೆ ಸಾಕು. ಹೊಸ ಸಾಲನ್ನು ಹೊದಿಸುವುದು ಸುಲಭ. ಕೆಳಗಿನ ಒಂದು ಹೆಂಚನ್ನು ಬದಲಿಸಬೇಕಾದರೆ ಮೇಲಿನವನ್ನೆಲ್ಲ ಎತ್ತಿ ಮತ್ತೆ ಜೋಡಿಸಬೇಕು. ಈ ಡಿಸ್ಕುಗಳು ಬರುವ ಮಾಹಿತಿಯನ್ನು ಮೊದಲು ಪ್ರತ್ಯೇಕವಾದ ಸಣ್ಣ ಪ್ರದೇಶದಲ್ಲಿ ವೇಗವಾಗಿ ಇರಿಸಿಕೊಂಡು ಬಿಡುವಾದಾಗ ಹೆಂಚುಗಳನ್ನು ಜೋಡಿಸುತ್ತವೆ. ಬ್ಯಾಕಪ್ ಸರ್ವರಿನಲ್ಲಿ ಬಿಡುವೇ ಇಲ್ಲ. ಆರಂಭದಲ್ಲಿ ಭರದಿಂದ ಸಾಗಿದ ಕೆಲಸ ಆ ಪ್ರದೇಶ ತುಂಬಿದೊಡನೆ ತೆವಳತೊಡಗುತ್ತದೆ. ಐದು ನಿಮಿಷದ ಪರೀಕ್ಷೆಯಲ್ಲಿ ಈ ದೋಷ ಕಾಣದು, ಎರಡು ಗಂಟೆಯ ಪರೀಕ್ಷೆ ಬೇಕು.

ಸರ್ವರಿಗೆಂದೇ ಮಾರುತ್ತಿದ್ದ ಕೆಲವು ಮಾದರಿಗಳಲ್ಲಿಯೂ ಈ ವಿಧಾನ ಅಡಗಿರುವುದು 2020ರ ಏಪ್ರಿಲ್‌ನಲ್ಲಿ ಬಯಲಾಯಿತು. ವೆಸ್ಟರ್ನ್ ಡಿಜಿಟಲ್, ಸೀಗೇಟ್, ತೋಷಿಬಾ ಮೂರೂ ಸಂಸ್ಥೆಗಳು ತಮ್ಮ ಕೆಲವು ಡಿಸ್ಕುಗಳಲ್ಲಿ ಗ್ರಾಹಕರಿಗೆ ತಿಳಿಸದೆ ಇದನ್ನು ಬಳಸಿದ್ದನ್ನು ಒಪ್ಪಿಕೊಂಡು ಮಾದರಿಗಳ ಪಟ್ಟಿ ಪ್ರಕಟಿಸಿದವು. ವೆಸ್ಟರ್ನ್ ಡಿಜಿಟಲ್ ಸಂಸ್ಥೆಯು ಅನಂತರ ಹಳೆಯ ವಿಧಾನದ ಡಿಸ್ಕುಗಳಿಗೆ ರೆಡ್ ಪ್ಲಸ್ ಎಂಬ ಪ್ರತ್ಯೇಕ ಹೆಸರಿಟ್ಟಿತು. ಹಾಗಾಗಿ ಅಂಗಡಿಯಲ್ಲಿ ಎಷ್ಟು ಟೆರಾಬೈಟ್ ಎಂದಷ್ಟೇ ಕೇಳಬಾರದು. ಪೂರ್ಣ ಮಾದರಿ ಸಂಖ್ಯೆ ಬರೆದುಕೊಂಡು ತಯಾರಕರ ವಿವರಪಟ್ಟಿಯಲ್ಲಿ ಸಿಎಂಆರ್ ಎಂದಿದೆಯೇ ಎಂದು ನೋಡಿಯೇ ಹಣ ಕೊಡಬೇಕು. ಅಗ್ಗದ ಎಸ್‌ಎಸ್‌ಡಿಗಳಲ್ಲಿಯೂ ಇಂತಹದೇ ತೊಡಕಿದೆ. ವೇಗದ ಭಾಗ ತುಂಬಿದ ಮೇಲೆ ಸಾಮಾನ್ಯ ಹಾರ್ಡ್ ಡಿಸ್ಕಿಗಿಂತಲೂ ಕೆಳಗಿಳಿಯುವ ಮಾದರಿಗಳಿವೆ.

ನಿಧಾನವೇ ರೋಗಲಕ್ಷಣವಾದಾಗ

ಇದುವರೆಗೆ ಹೇಳಿದ ಕಾರಣಗಳಲ್ಲಿ ನಷ್ಟವಾಗುವುದು ಸಮಯ. ಇನ್ನೊಂದು ಕಾರಣದಲ್ಲಿ ನಷ್ಟವಾಗುವುದು ಲೆಕ್ಕವೇ. ಸಾಯುತ್ತಿರುವ ಡಿಸ್ಕ್ ಒಮ್ಮೆಗೇ ನಿಲ್ಲುವುದಿಲ್ಲ. ಓದಲಾಗದ ಜಾಗ ಸಿಕ್ಕಿದಾಗ ಅದು ಮತ್ತೆ ಮತ್ತೆ ಓದಲು ಯತ್ನಿಸುತ್ತದೆ. ಸಾಮಾನ್ಯ ಮೇಜಿನ ಯಂತ್ರದ ಡಿಸ್ಕುಗಳು ಒಂದೇ ಜಾಗಕ್ಕಾಗಿ ಹತ್ತಾರು ಸೆಕೆಂಡು ಹೆಣಗುವುದುಂಟು. ಹೊರಗಿನವರಿಗೆ ಕಾಣುವುದು ನಿಧಾನ ಮಾತ್ರ, ದೋಷದ ಸೂಚನೆ ಯಾವುದೂ ಪರದೆಯ ಮೇಲೆ ಬರುವುದಿಲ್ಲ.

ಡಿಸ್ಕ್ ಈ ಸಂಗತಿಗಳನ್ನು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಸ್ಮಾರ್ಟ್ ಎಂಬ ಆ ದಾಖಲೆಯನ್ನು ಓದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಮುಂತಾದ ಉಚಿತ ತಂತ್ರಾಂಶಗಳಿವೆ. ಅದರಲ್ಲಿ ನಾಲ್ಕು ಸಾಲುಗಳನ್ನು ನೋಡಿದರೆ ಸಾಕು. 5ನೆಯದು ಕೆಟ್ಟುಹೋಗಿ ಬದಲಿ ಜಾಗ ಪಡೆದ ಭಾಗಗಳ ಸಂಖ್ಯೆ. 197ನೆಯದು ಓದಲಾಗದೆ ತೀರ್ಮಾನಕ್ಕೆ ಕಾದಿರುವ ಭಾಗಗಳದು, 198ನೆಯದು ಪರೀಕ್ಷೆಯಲ್ಲಿಯೂ ಸರಿಪಡಿಸಲಾಗದವುಗಳದು. 199ನೆಯದು ಮಾತ್ರ ಬೇರೆ ಜಾತಿ. ಅದು ಏರುತ್ತಿದ್ದರೆ ಡಿಸ್ಕಿಗೆ ಹೋಗುವ ಡೇಟಾ ಕೇಬಲ್ ಕೆಟ್ಟಿರುವ ಸಾಧ್ಯತೆ ಹೆಚ್ಚು, ಸಣ್ಣ ಬೆಲೆಯ ಕೇಬಲ್ ಬದಲಿಸಿದರೆ ಡಿಸ್ಕ್ ಉಳಿಯುತ್ತದೆ. ಮೊದಲ ಮೂರು ಸಾಲುಗಳು ಸೊನ್ನೆಯಿಂದ ಏರತೊಡಗಿದರೆ ಅಲಕ್ಷ್ಯ ಸಲ್ಲದು.

ಗೂಗಲ್ ಸಂಸ್ಥೆಯು ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೇಲ್ಮೈ ಪರೀಕ್ಷೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ದೋಷ ಕಾಣದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಅದೇ ಅಧ್ಯಯನವು ಇನ್ನೊಂದು ಮಾತನ್ನೂ ಹೇಳುತ್ತದೆ: ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪ್ರಮುಖ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರಿಸದೆಯೇ ಕೆಟ್ಟವು. ಆದ್ದರಿಂದ ಸ್ಮಾರ್ಟ್ ದಾಖಲೆ ಕೆಟ್ಟದಾಗಿದ್ದರೆ ನಂಬಬೇಕು, ಚೆನ್ನಾಗಿದ್ದರೆ ನೆಮ್ಮದಿಯಿಂದ ನಿದ್ರಿಸಬಾರದು. ದೋಷ ಕಂಡಾಗ ಕೆಲಸದ ಕ್ರಮವೂ ಮುಖ್ಯ. ಮೊದಲು ಅದರಲ್ಲಿರುವುದನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ, ಅನಂತರವೇ ದುರಸ್ತಿ ಮತ್ತು ಪರೀಕ್ಷೆಗೆ ತೊಡಗಬೇಕು. ಗಂಟೆಗಟ್ಟಲೆ ನಡೆಯುವ ಪರೀಕ್ಷೆಯನ್ನೇ ತಾಳಲಾರದೆ ಕೊನೆಯುಸಿರೆಳೆಯುವ ಡಿಸ್ಕುಗಳಿವೆ.

ಗಿರಣಿಯ ನಡುಕ, ಬಳ್ಳಾರಿಯ ಬಿಸಿಲು

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಗ್ರೆಗ್ ಎಂಬ ಎಂಜಿನಿಯರ್ 2008ರ ಡಿಸೆಂಬರ್‌ನಲ್ಲಿ ಒಂದು ವಿಡಿಯೊ ಪ್ರಕಟಿಸಿದರು. ಅದರಲ್ಲಿ ಅವರು ಕೆಲಸ ಮಾಡುತ್ತಿರುವ ಡಿಸ್ಕುಗಳ ಮುಂದೆ ನಿಂತು ಗಟ್ಟಿಯಾಗಿ ಕಿರುಚುತ್ತಾರೆ. ಕಿರುಚಿದ ಕ್ಷಣದಲ್ಲೇ ಡಿಸ್ಕುಗಳ ಪ್ರತಿಕ್ರಿಯೆಯ ಸಮಯ ಮೇಲಕ್ಕೆ ನೆಗೆಯುವುದು ಪರದೆಯಲ್ಲಿ ಕಾಣುತ್ತದೆ. ನೋಡಿದವರು ನಕ್ಕರೂ ಅದರ ಹಿಂದಿನ ಕಾರಣ ಗಂಭೀರವಾದುದು. ಇಂದಿನ ಡಿಸ್ಕಿನ ಒಂದು ಪಥದ ಅಗಲ ಒಂದು ಮೈಕ್ರೊಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ನಡುಗಿದರೆ ತೋಳಿನ ತುದಿ ಪಥ ತಪ್ಪುತ್ತದೆ, ಮರಳಿ ಬರಲು ಇನ್ನೊಂದು ಸುತ್ತು ಕಾಯಬೇಕು.

ಒಂದು ಕಿರುಚಾಟಕ್ಕೆ ಹೀಗಾಗುವುದಾದರೆ ಹಲ್ಲರ್, ಪಾಲಿಷರ್, ಎಲಿವೇಟರುಗಳು ರಾತ್ರಿಯಿಡೀ ಓಡುವ ಗಿರಣಿಯ ಗೋಡೆಗೆ ತಾಗಿದ ಕೋಣೆಯಲ್ಲಿ, ಕಬ್ಬಿಣದ ಕಪಾಟಿನ ಮೇಲೆ ಇರಿಸಿದ ಸರ್ವರಿನ ಗತಿ ಏನಿರಬಹುದು? ಪರೀಕ್ಷೆ ಸುಲಭ. ಗಿರಣಿ ನಿಂತಿರುವ ದಿನ ಒಮ್ಮೆ, ಓಡುತ್ತಿರುವ ದಿನ ಒಮ್ಮೆ ಅದೇ ಕಡತವನ್ನು ಬರೆಸಿ ಸಮಯ ಹೋಲಿಸಬೇಕು. ವ್ಯತ್ಯಾಸ ಎದ್ದು ಕಂಡರೆ ಸರ್ವರನ್ನು ಬೇರೆ ಕೋಣೆಗೆ ಸಾಗಿಸಿ, ಕೆಳಗೆ ದಪ್ಪ ರಬ್ಬರ್ ಹಾಸುವುದು ಯಾವ ಹೊಸ ಡಿಸ್ಕಿಗಿಂತಲೂ ಅಗ್ಗ. ಇಳಿಕೆ ಹಂಗಾಮಿನಲ್ಲಿ ಮಾತ್ರ ಬ್ಯಾಕಪ್ ತಡವಾಗುತ್ತದೆ ಎಂಬ ದೂರು ಬಂದರೆ ಮಾಹಿತಿ ಹೆಚ್ಚಿತೆಂದಷ್ಟೇ ಭಾವಿಸದೆ ಇದನ್ನೂ ನೋಡಬೇಕು.

ಬೇಸಿಗೆಯಲ್ಲಿ ಬಳ್ಳಾರಿಯ ಉಷ್ಣತೆ 40 ಡಿಗ್ರಿ ದಾಟುವುದು ಹೊಸದಲ್ಲ. ಡಿಸ್ಕುಗಳಿಗೆ ತಯಾರಕರು ವಿಧಿಸುವ ಮಿತಿ ಸಾಮಾನ್ಯವಾಗಿ 60 ಡಿಗ್ರಿ. ಪೆಟ್ಟಿಗೆಯೊಳಗಿನ ಡಿಸ್ಕ್ ಕೋಣೆಗಿಂತ ಹತ್ತಾರು ಡಿಗ್ರಿ ಬಿಸಿಯಾಗಿರುವುದರಿಂದ ಗಾಳಿ ಸಂಚಾರ ನಿಂತರೆ ಮಿತಿ ಬಹಳ ಹತ್ತಿರ. ಫ್ಯಾನಿನ ಜಾಲರಿಗೆ ಹೊಲಿಗೆ ಘಟಕದಲ್ಲಿ ಹತ್ತಿಯ ಎಳೆ, ಗಿರಣಿಯಲ್ಲಿ ತೌಡಿನ ಧೂಳು ಮೆತ್ತಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಬ್ಲೋವರ್ ಹಿಡಿದರೆ ಸಾಕು.

ಕುಡತಿನಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರವಿರುವ ಜಿಲ್ಲೆಯಲ್ಲಿಯೂ ವಿದ್ಯುತ್ ಹೋಗಿ ಬರುವುದು ತಪ್ಪಿಲ್ಲ. ಇದಕ್ಕೂ ಡಿಸ್ಕಿನ ವೇಗಕ್ಕೂ ಒಂದು ಗುಪ್ತ ಸಂಬಂಧವಿದೆ. ಹಲವು ಡಿಸ್ಕುಗಳನ್ನು ಒಂದಾಗಿ ದುಡಿಸುವ ರೇಡ್ ಕಾರ್ಡುಗಳಲ್ಲಿ ಬರೆಯಬೇಕಾದ ಮಾಹಿತಿಯನ್ನು ಕ್ಷಣಕಾಲ ಹಿಡಿದಿಡುವ ಸ್ಮೃತಿಯಿರುತ್ತದೆ, ವಿದ್ಯುತ್ ಹೋದಾಗ ಅದನ್ನು ಕಾಯಲು ಪುಟ್ಟ ಬ್ಯಾಟರಿಯಿರುತ್ತದೆ. ಆ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೋಲುತ್ತದೆ. ಸೋತೊಡನೆ ಕಾರ್ಡು ಅಪಾಯ ಬೇಡವೆಂದು ಆ ಸ್ಮೃತಿಯನ್ನು ಬಿಟ್ಟು ಪ್ರತಿಯೊಂದನ್ನೂ ನೇರವಾಗಿ ಡಿಸ್ಕಿಗೆ ಬರೆದು ಉತ್ತರಕ್ಕಾಗಿ ಕಾಯತೊಡಗುತ್ತದೆ. ರೇಡ್ 5 ವಿಧಾನದಲ್ಲಿ ಒಂದು ಸಣ್ಣ ಬರಹಕ್ಕೆ ಎರಡು ಓದು, ಎರಡು ಬರಹ ಬೇಕಾಗುವುದರಿಂದ ನಿನ್ನೆಯವರೆಗೆ ಚೆನ್ನಾಗಿದ್ದ ಸರ್ವರ್ ಇಂದು ಬೆಳಿಗ್ಗೆಯಿಂದ ತೆವಳುತ್ತದೆ. ಡಿಸ್ಕುಗಳೆಲ್ಲ ಆರೋಗ್ಯವಾಗಿಯೇ ಇರುತ್ತವೆ. ದಿಢೀರನೆ ನಿಧಾನವಾದ ರೇಡ್ ಸರ್ವರಿನಲ್ಲಿ ಮೊದಲು ಕೇಳಬೇಕಾದುದು ಬ್ಯಾಟರಿಯ ಸ್ಥಿತಿ. ಎರಡನೆಯದು, ಗುಂಪಿನಲ್ಲಿ ಒಂದು ಡಿಸ್ಕ್ ಈಗಾಗಲೇ ಸತ್ತು ಉಳಿದವು ಅದರ ಹೊರೆ ಹೊರುತ್ತಿವೆಯೇ ಎಂಬುದು.

ವೈರಸ್ ನಿರೋಧಕ ತಂತ್ರಾಂಶವು ಬ್ಯಾಕಪ್ ಆಗುವ ಹೊತ್ತಿನಲ್ಲೇ ಪೂರ್ಣ ತಪಾಸಣೆಗೆ ಹೊರಡುವುದು ಇನ್ನೊಂದು ಸಾಮಾನ್ಯ ಕಾರಣ. ವೇಳಾಪಟ್ಟಿಯನ್ನು ಬದಲಿಸಿದರೆ ಮುಗಿಯಿತು. ತಪಾಸಣೆಯನ್ನೇ ನಿಲ್ಲಿಸುವುದು ಮಾತ್ರ ತರವಲ್ಲ.

ಮರಳಿ ಪಡೆಯುವ ದಿನ

ಬ್ಯಾಕಪ್ ಎಂಟು ಗಂಟೆಯೊಳಗೆ ಮುಗಿಯತೊಡಗಿದ ಮೇಲೂ ಒಂದು ಅಳತೆ ಉಳಿದಿರುತ್ತದೆ. ದಿನವೂ ಬದಲಾದುದನ್ನಷ್ಟೇ ನಕಲು ಮಾಡುವವರಿಗೆ ಬ್ಯಾಕಪ್ ಹತ್ತು ನಿಮಿಷದಲ್ಲಿ ಮುಗಿಯಬಹುದು. ಆದರೆ ಮರಳಿ ಪಡೆಯುವಾಗ ಪೂರ್ಣ ಪ್ರತಿಯ ಜೊತೆಗೆ ಅಂದಿನಿಂದ ಇಂದಿನವರೆಗಿನ ಎಲ್ಲ ತುಣುಕುಗಳನ್ನೂ ಜೋಡಿಸಬೇಕು. ವಾರದ ರಜೆಯ ದಿನವೊಂದರಲ್ಲಿ ಮೂರು ತಿಂಗಳ ಹಿಂದಿನ ಒಂದು ಬಿಲ್ಲನ್ನು ಹುಡುಕಿ ತೆರೆದು ನೋಡುವುದು ಕನಿಷ್ಠ ಅಭ್ಯಾಸ. ವರ್ಷಕ್ಕೊಮ್ಮೆಯಾದರೂ ಬೇರೊಂದು ಗಣಕಯಂತ್ರದಲ್ಲಿ ಎಲ್ಲವನ್ನೂ ಮರಳಿ ಸ್ಥಾಪಿಸಿ, ಟ್ಯಾಲಿ ಮುಂತಾದ ಲೆಕ್ಕದ ತಂತ್ರಾಂಶದಲ್ಲಿ ತೆರೆದು, ಹಿಂದಿನ ದಿನದ ನಗದು ಶಿಲ್ಕು ತಾಳೆಯಾಗುವುದೇ ಎಂದು ನೋಡಬೇಕು. ಲೆಕ್ಕದ ತಂತ್ರಾಂಶವನ್ನು ತೆರೆದಿಟ್ಟೇ ಕಡತಗಳನ್ನು ನಕಲು ಮಾಡಿದ್ದರೆ ಅರೆಬರೆ ಬರೆದ ಕಡತಗಳು ಸಿಗಬಹುದು, ಅದೂ ಆಗಲೇ ಬೆಳಕಿಗೆ ಬರುತ್ತದೆ. ಬ್ಯಾಕಪ್ ಡಿಸ್ಕನ್ನು ಆದಿಯಿಂದ ಅಂತ್ಯದವರೆಗೆ ಓದಿಸಿದಂತಾಗುವುದರಿಂದ ಅಡಗಿದ್ದ ಓದಲಾಗದ ಜಾಗಗಳೂ ಹೊರಬೀಳುತ್ತವೆ.

ಹಾಗೆ ಮರಳಿ ಸ್ಥಾಪಿಸಲು ಹಿಡಿದ ಗಂಟೆಗಳನ್ನು, ಅಂದಿನ ಡಿಸ್ಕಿನ ವೇಗ ಮತ್ತು ಸ್ಮಾರ್ಟ್ ದಾಖಲೆಯ ನಾಲ್ಕು ಸಾಲುಗಳೊಂದಿಗೆ ದಿನಾಂಕ ಸಹಿತ ಚೀಟಿಯಲ್ಲಿ ಬರೆದು ಸರ್ವರಿನ ಮೇಲೆಯೇ ಅಂಟಿಸುವುದು ಒಳಿತು. ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ 20ನೆಯ ತಾರೀಖಿನ ಹಿಂದಿನ ಸಂಜೆ ಮೂಲ ಯಂತ್ರ ಕೆಟ್ಟಿತೆಂದರೆ, ನಾಳೆ ಬೆಳಿಗ್ಗೆ ಕಚೇರಿ ನಡೆಯುವುದೇ ಇಲ್ಲವೇ ಎಂದು ಕೇಳುವ ಮಾಲೀಕರಿಗೆ ಗುಮಾಸ್ತರು ಆ ಚೀಟಿಯನ್ನು ಓದಿ ಹೇಳಬಹುದು.